ಸುರಂಗದ ಅಜ್ಜ ಬಾಯಿ ಬಿಡುವುದು ಯಾವಾಗ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವ, ಡಿಗ್ರಿ ಓದುತ್ತಿದ್ದೇನೆ. ಭಾನುವಾರ ನಾಲ್ಕು ಜನ ಗೆಳೆಯರಿಗೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ ಕಥೆ ಕಟ್ಟುವ ಮೇಜಿನ ಆಟ) ಐದನೇ ಆವೃತ್ತಿ ಆಡಿಸುತ್ತೇನೆ. ಮಾತು ಕನ್ನಡ, ತುಳು ಎರಡೂ. ಲೋಕ ನಾನೇ ಕಟ್ಟಿದ್ದು: ಕಡಲ ಬದಿಯಲ್ಲಿ ಬೇಕಲದಂಥ ಒಂದು ಕೋಟೆ, ಹಿಂದೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ, ನಡುವೆ ಒಂದು ಹೊಳೆ. ಕಳೆದ ಸಲ ಆ ಹೊಳೆಯ ಕಡವಿನ ದೋಣಿಯವನ ಬಗ್ಗೆ ಮೂರು ಪುಟ ಬರೆದಿಟ್ಟಿದ್ದೆ. ಗೆಳೆಯರು ಪರ್ಸ್ವೇಶನ್‌ಗೆ (ಮಾತಿನಿಂದ ಒಪ್ಪಿಸುವುದಕ್ಕೆ) ಇಪ್ಪತ್ತು ಮುಖದ ದಾಳ ಉರುಳಿಸಿದರು, 19 ಬಿತ್ತು. ಅವನು ಗೊತ್ತಿದ್ದದ್ದನ್ನೆಲ್ಲ ಹೇಳಿಬಿಟ್ಟ. ಎರಡು ನಿಮಿಷಕ್ಕೆ ಮುಗಿಯಿತು. ಈಗ ಅವನ ಹೆಸರೂ ಯಾರಿಗೂ ನೆನಪಿಲ್ಲ. ಮುಂದಿನ ವಾರ, ಕೋಟೆಯೊಳಗೆ ಹೋಗುವ ಹಳೇ ಸುರಂಗ ಗೊತ್ತಿರುವ ಒಬ್ಬ ಮುದುಕ ಬರಬೇಕು. ಅವನಿಗೂ ಇದೇ ಗತಿ ಆಗಬಾರದು. ನನ್ನ ಪಾತ್ರಗಳೆಲ್ಲ ನನ್ನ ಹಾಗೇ ಮಾತಾಡುತ್ತವೆ ಎಂಬ ದೂರೂ ಇದೆ. ಒಳ್ಳೆ ಎನ್‌ಪಿಸಿ ಮಾಡುವುದು ಹೇಗೆ?

ಉತ್ತರ: ಮೂರು ಪುಟ ಬರೆದದ್ದು ವ್ಯರ್ಥ ಅಂದುಕೊಳ್ಳಬೇಡಿ. ಆದರೆ ಅದರಲ್ಲಿ ಏನಿತ್ತು ಎಂದು ಒಮ್ಮೆ ನೋಡಿ. ದೋಣಿಯವ ಎಲ್ಲಿ ಹುಟ್ಟಿದ, ಅಪ್ಪ ಏನು ಮಾಡುತ್ತಿದ್ದ, ಹೆಂಡತಿ ಹೇಗೆ ತೀರಿಕೊಂಡಳು. ಎಲ್ಲ ನಡೆದುಹೋದ ಕಥೆ, ಅಲ್ವಾ? ನಿಮ್ಮ ಗೆಳೆಯರು ಕಡವಿಗೆ ಬಂದು ನಿಂತ ಹೊತ್ತಿನಲ್ಲಿ ಅವನಿಗೆ ಅವರಿಂದ ಬೇಕಾದದ್ದು ಏನೂ ಇರಲಿಲ್ಲ. ಏನೂ ಬೇಡದವನ ಹತ್ತಿರ ಮಾತು ಬೆಳೆಯುವುದಿಲ್ಲ. ಕೇಳಿದರು, ಹೇಳಿದ, ಹೋದರು.

ಆಟಗಾರರ ಕೈಯಲ್ಲಿಲ್ಲದ, ಆಟ ನಡೆಸುವ ನೀವೇ ಆಡಿಸಬೇಕಾದ ಪ್ರತಿಯೊಬ್ಬನೂ ಎನ್‌ಪಿಸಿ. ಸಂತೆಯ ಮುದುಕಿಯಿಂದ ಹಿಡಿದು ಡ್ರ್ಯಾಗನ್‌ವರೆಗೆ. ಇವರೆಲ್ಲರಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಹೊತ್ತಿಗೆ ಇವನಿಗೆ ಏನು ಬೇಕು? ಅದರ ಬೆನ್ನಿಗೆ ಇನ್ನೆರಡು. ಅದು ಯಾಕೆ ಸಿಗುತ್ತಿಲ್ಲ? ಮತ್ತು ಏನೇ ಕೊಟ್ಟರೂ ಇವನು ಬಿಟ್ಟುಕೊಡದೇ ಇರುವುದು ಯಾವುದು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಪಾತ್ರ ಎದ್ದು ನಿಲ್ಲುತ್ತದೆ. ಉಳಿದದ್ದು ಅಲಂಕಾರ. ಅಲಂಕಾರ ಬೇಡ ಎನ್ನುತ್ತಿಲ್ಲ, ಅದು ಆಮೇಲೆ ಬರಲಿ.

ನೀರ್ಚಾಲಿನಲ್ಲಿ ಬೆಳೆದವರು ತಾಳಮದ್ದಳೆ ಕೇಳದೇ ಇರಲಿಕ್ಕಿಲ್ಲ. ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಪಾಠಶಾಲೆ ನನಗೆ ಗೊತ್ತಿಲ್ಲ. ಅಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಶಾಲು ಹೊದ್ದು ಕೂತ ಒಬ್ಬರು ಬರೀ ಮಾತಿನಲ್ಲೇ ರಾವಣ ಆಗುತ್ತಾರೆ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು, ಅದಕ್ಕೆ ಹೇಳುವ ಅರ್ಥ ಅರ್ಧ ಗಂಟೆ. ಬರೆದುಕೊಟ್ಟ ಮಾತಿಲ್ಲ. ಎದುರು ಕೂತವರು ಯಾವ ಪ್ರಶ್ನೆ ಎಸೆಯುತ್ತಾರೋ ಗೊತ್ತಿಲ್ಲ. ಆದರೂ ಅರ್ಥಧಾರಿ ತಡವರಿಸುವುದಿಲ್ಲ. ಯಾಕೆಂದರೆ ಪಾತ್ರಕ್ಕೆ ಏನು ಬೇಕು, ಎಲ್ಲಿ ಅದು ಜಗ್ಗುವುದಿಲ್ಲ ಎಂಬುದು ಅವರಿಗೆ ಸ್ಪಷ್ಟ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನು, ಕೌರವನನ್ನು ಹಳಬರು ಇವತ್ತಿಗೂ ನೆನೆಯುವುದು ಸುಮ್ನೆ ಅಲ್ಲ. ಸೋಲುವ ಪಾತ್ರ ಎಂದು ಅದರ ವಾದವನ್ನು ತೆಳ್ಳಗೆ ಮಾಡುವ ಕ್ರಮ ಅಲ್ಲಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ, ಅಷ್ಟು ಹೊತ್ತು ಸಭೆ ವಾಲಿಯ ಕಡೆಗೇ ಇರುತ್ತದೆ. ನಿಮ್ಮ ಕೋಟೆಯ ಒಡೆಯ ಖಳನೇ ಆಗಿರಲಿ, ಅವನ ಅರ್ಥವನ್ನೂ ಅಷ್ಟೇ ಗಟ್ಟಿಯಾಗಿ ಹೇಳಲು ತಯಾರಾಗಿ. ಅವನು ಮಾತಾಡಿ ಮುಗಿಸಿದಾಗ ನಿಮ್ಮ ಗೆಳೆಯರಲ್ಲಿ ಒಬ್ಬನಾದರೂ "ಇವ ಹೇಳುವುದು ಸರಿಯೇ ಅಲ್ವಾ" ಎನ್ನಬೇಕು.

ಸಣ್ಣ ಪಾತ್ರಗಳ ಪಾಠ ಬೇಕಿದ್ದರೆ ಯಕ್ಷಗಾನದ ಹಾಸ್ಯಗಾರರನ್ನು ನೋಡಿ. ಬಾಗಿಲು ಕಾಯುವ ದೂತನಾಗಿ ಬಂದರೆ ಐದು ನಿಮಿಷ ರಂಗದಲ್ಲಿ ಇದ್ದಾರು. ಆ ದೂತನಿಗೆ ಬೇಕಾದದ್ದು ಒಂದೇ: ಒಳಗೆ ಹೋಗಿ ಸುದ್ದಿ ಹೇಳಿ ಬೈಸಿಕೊಳ್ಳಬಾರದು. ಅಷ್ಟು ಸಣ್ಣ ಆಸೆಯಿಂದಲೇ ಇಡೀ ಸನ್ನಿವೇಶ ಹುಟ್ಟುತ್ತದೆ. ನಿಮ್ಮ ಕೋಟೆಬಾಗಿಲ ಕಾವಲುಗಾರನಿಗೂ ಅಷ್ಟು ಸಾಕು. ಪಾಳಿ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಇದೆ, ಅಷ್ಟರಲ್ಲಿ ಯಾವ ರಗಳೆಯೂ ಬೇಡ.

ಈಗ ನಿಮ್ಮ ಮುದುಕನಿಗೆ ಬರೋಣ. ಅವನನ್ನು ಇಲ್ಲೇ ಕಟ್ಟಿ ನೋಡೋಣ. ಹೆಸರು ಐತಪ್ಪ ಎಂದಿಡಿ.

ಸುರಂಗ ಎಂದಾಗ ನಿಮ್ಮ ತಲೆಗೆ ಬಂದದ್ದು ಕೋಟೆಯ ಗುಪ್ತ ದಾರಿ. ಕಾಸರಗೋಡಿನವರಿಗೆ ಸುರಂಗ ಅಂದರೆ ಮೊದಲು ನೀರು. ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ, ಮುರಕಲ್ಲಿನಲ್ಲಿ ಒಸರು ಸಿಗುವವರೆಗೆ ಅಗೆಯುತ್ತಾ ಹೋಗುತ್ತಾರೆ. ಒಬ್ಬ ಪಿಕ್ಕಾಸು ಹಿಡಿದು ಅಗೆದರೆ ಇನ್ನೊಬ್ಬ ಮಣ್ಣು ಹೊರಗೆ ತರುತ್ತಾನೆ. ಉದ್ದ ಲೆಕ್ಕ ಹಾಕುವುದು ಕೋಲಿನಲ್ಲಿ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ನೀರು ತಾನಾಗಿಯೇ ಹರಿದು ಬರುತ್ತದೆ, ಪಂಪು ಬೇಡ. ಮೊದಲೆಲ್ಲ ಅದನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಯ ಹತ್ತಿರಕ್ಕೆ ತರುತ್ತಿದ್ದರು. ಬಾಯಾರಿನಂಥ ಕಡೆ ಈಗಲೂ ಸುರಂಗದ ನೀರನ್ನೇ ಬಳಸುವ ಮನೆಗಳಿವೆ. ಇಷ್ಟು ಒಳ್ಳೆ ಸಾಮಗ್ರಿ ಅಂಗಳದಲ್ಲೇ ಇರುವಾಗ ಐತಪ್ಪನನ್ನು ಯಾವುದೋ ಗಡ್ಡದ ಮಂತ್ರವಾದಿ ಮಾಡಬೇಕಾಗಿಲ್ಲ. ಅವನು ಜೀವಮಾನ ಇಡೀ ಸುರಂಗ ಅಗೆದವ.

ಅವನಿಗೆ ಈಗ ಏನು ಬೇಕು? ಊರಿನ ಹಳೇ ಸುರಂಗದ ನೀರು ಬೇಸಿಗೆಗೆ ಸಣ್ಣದಾಗುತ್ತಿದೆ. ಪಕ್ಕದಲ್ಲಿ ಹೊಸತೊಂದನ್ನು 40 ಕೋಲು ಅಗೆದಿದ್ದಾನೆ, ಒಸರು ಇನ್ನೂ ಸಿಕ್ಕಿಲ್ಲ. ಒಳಗಿನ ಗೋಡೆ ಎಲ್ಲಿ ಬೆವರುತ್ತಿದೆ, ಕಲ್ಲಿನ ಬಣ್ಣ ಎಲ್ಲಿ ಬದಲಾಗಿದೆ ಎಂದು ನೋಡಿ ಹೇಳುವವರು ಬೇಕು. ಯಾಕೆ ಸಿಗುತ್ತಿಲ್ಲ? ಅವನ ಕಣ್ಣು ಮಂಜಾಗಿದೆ. ಊರಿನ ಹುಡುಗರನ್ನೆಲ್ಲ ಕೋಟೆಯ ಕೆಲಸಕ್ಕೆ ಎಳೆದುಕೊಂಡು ಹೋಗಿದ್ದಾರೆ.

ಮೂರನೆಯದೇ ಮುಖ್ಯ. ಅವನು ಬಿಟ್ಟುಕೊಡದೇ ಇರುವುದು ಯಾವುದು? ನಿಮ್ಮ ಗೆಳೆಯರು ಹುಡುಕುವ ಗುಪ್ತ ದಾರಿ ಬೇರೇನೂ ಅಲ್ಲ, ಊರಿಗೆ ಕುಡಿಯುವ ನೀರು ಬರುವ ಆ ಹಳೇ ಸುರಂಗವೇ. ಅದರ ಇನ್ನೊಂದು ಕೊನೆ ಕೋಟೆಯ ಬಾವಿಯ ಗೋಡೆಗೆ ತಾಗಿದೆ. ಅಲ್ಲಿಂದ ಯಾರೋ ನುಗ್ಗಿದರು ಎಂದು ಕೋಟೆಯವರಿಗೆ ಗೊತ್ತಾದ ದಿನವೇ ಅವರು ಅದನ್ನು ಕಲ್ಲು ಹಾಕಿ ಮುಚ್ಚುತ್ತಾರೆ. ಊರಿಗೆ ನೀರಿಲ್ಲ. ಇದಿಷ್ಟು ಸಿಕ್ಕಿದ ಮೇಲೆ ಐತಪ್ಪ "ಇಲ್ಲ" ಅನ್ನುವುದು ಮೊಂಡುತನದಿಂದಲ್ಲ. ಅವನ ಜಾಗದಲ್ಲಿ ನಾವಿದ್ದರೂ ಇಲ್ಲ ಅನ್ನುತ್ತಿದ್ದೆವು.

ಮೇಜಿನ ಮೇಲೆ ಇದು ಹೇಗೆ ನಡೆಯಬಹುದು ಎಂದು ತೋರಿಸುತ್ತೇನೆ. ನಿಮ್ಮ ಗುಂಪಿನ ರೋಗ್ (ಕಳ್ಳ-ಚಾಣಾಕ್ಷನ ಪಾತ್ರ ಆಡುವವ) ನೇರವಾಗಿ ಕೇಳುತ್ತಾನೆ ಎಂದುಕೊಳ್ಳಿ.

"ಅಜ್ಜಾ, ಕೋಟೆಗೆ ಹೋಗುವ ಸುರಂಗ ಎಲ್ಲುಂಟು?"

"ಹೊಳೆ ದಾಟಿ ಬಂದದ್ದಾ ಮಕ್ಕಳೇ? ಕಾಲಿಗೆಲ್ಲ ಕೆಸರು. ಅಲ್ಲಿ ನೀರುಂಟು, ಕಾಲು ತೊಳ್ಕೊಳ್ಳಿ. ಜಾಸ್ತಿ ಚೆಲ್ಲಬೇಡಿ."

"ದಾರಿ ಹೇಳಿದರೆ ಹತ್ತು ಚಿನ್ನದ ನಾಣ್ಯ ಕೊಡ್ತೇವೆ."

"ನಾಣ್ಯ ಇರಲಿ. ನಿಮ್ಮಲ್ಲಿ ಕಣ್ಣು ಚೆನ್ನಾಗಿ ಕಾಣುವವರು ಯಾರು?"

ಡ್ವಾರ್ಫ್ ಎಂಬ ಕುಳ್ಳ ಜನಾಂಗದವನಾಗಿ ಆಡುವ ಗೆಳೆಯ ಕೂಡಲೇ ತಲೆ ಎತ್ತುತ್ತಾನೆ. ಐದನೇ ಆವೃತ್ತಿಯಲ್ಲಿ ಡ್ವಾರ್ಫ್‌ಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ. 2014ರ ನಿಯಮದ ಪ್ರಕಾರ 60 ಅಡಿ. "ನನಗೆ ಕಾಣ್ತದೆ ಅಜ್ಜಾ, ದೀಪವೂ ಬೇಡ" ಅನ್ನುತ್ತಾನೆ. ಐತಪ್ಪ ಆದರೂ ಮೇಣದಬತ್ತಿಯನ್ನು ಅವನ ಕೈಗೆ ಇಡುತ್ತಾನೆ. "ಇದು ನೋಡಲಿಕ್ಕಲ್ಲ. ಇದು ನಂದಿದರೆ ನೀನು ಹೊರಗೆ ಬರಬೇಕು. ಅಷ್ಟೇ."

ಈ ಮೇಣದಬತ್ತಿ ನಾನು ಕಟ್ಟಿದ ಕಥೆಯಲ್ಲ. ಸುರಂಗ ಅಗೆಯುವವರು ಒಳಗೆ ಬತ್ತಿ ಹಚ್ಚಿಟ್ಟುಕೊಳ್ಳುವುದು ಬೆಳಕಿಗೆ ಮಾತ್ರವಲ್ಲ. ಬತ್ತಿ ಆರಿತು ಅಂದರೆ ಒಳಗೆ ಉಸಿರಾಡುವ ಗಾಳಿ ಸಾಲದು ಎಂದು ಅರ್ಥ. ಅಂಥ ಒಂದೇ ಒಂದು ಕಸುಬಿನ ವಿಷಯ ಪಾತ್ರದ ಬಾಯಿಂದ ಬಂದರೆ ಸಾಕು, ಇವನು ನಿಜವಾಗಿ ಆ ಕೆಲಸ ಮಾಡಿದವ ಎಂದು ಆಟಗಾರರಿಗೆ ನಂಬಿಕೆ ಬರುತ್ತದೆ. ಕಮ್ಮಾರ, ಬೋಟಿನವ, ಗುಡಿಯ ಪೂಜಾರಿ, ಯಾರೇ ಇರಲಿ, ಆ ಕಸುಬಿನವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಹುಡುಕಿ ಇಟ್ಟುಕೊಳ್ಳಿ. ಊರಿನಲ್ಲಿ ಆ ಕೆಲಸ ಮಾಡುವ ಹಿರಿಯರು ಇದ್ದರೆ ಹೋಗಿ ಕೇಳಿ. ಸಂತೋಷದಿಂದ ಹೇಳುತ್ತಾರೆ.

ಇನ್ನು ಆ 19ರ ವಿಷಯ. ದಾಳ ಚೆನ್ನಾಗಿ ಬಿದ್ದರೆ ಎದುರಿನವ ಕೇಳಿದ್ದೆಲ್ಲ ಮಾಡಬೇಕು ಎಂದು ನಿಯಮ ಎಲ್ಲೂ ಹೇಳುವುದಿಲ್ಲ. ಆಟ ನಡೆಸುವವರಿಗಾಗಿ ಇರುವ 2014ರ ಪುಸ್ತಕ ಡಂಜನ್ ಮಾಸ್ಟರ್ಸ್ ಗೈಡ್ ಎನ್‌ಪಿಸಿಯ ಮನಸ್ಸನ್ನು ಮೂರು ಬಗೆ ಮಾಡುತ್ತದೆ: ಸ್ನೇಹ, ಉದಾಸೀನ, ಹಗೆ. ಉದಾಸೀನದಲ್ಲಿ ಇರುವವನ ಹತ್ತಿರ 10 ಮುಟ್ಟಿದರೆ, ತನಗೆ ಯಾವ ಅಪಾಯವೂ ನಷ್ಟವೂ ಇಲ್ಲದ ಸಹಾಯ ಮಾಡುತ್ತಾನೆ. 20 ಮುಟ್ಟಿದರೂ ಸಣ್ಣ ಅಪಾಯಕ್ಕೆ ಮಾತ್ರ ಒಪ್ಪುತ್ತಾನೆ. ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಬೇಕಾದರೆ ಅವನು ಸ್ನೇಹದಲ್ಲಿರಬೇಕು, ಮೇಲಿಂದ 20 ಬೀಳಬೇಕು. ಹಗೆಯವನ ಹತ್ತಿರ 20 ಬಿದ್ದರೆ, ನಷ್ಟವಿಲ್ಲದ ಕೆಲಸ ಮಾಡಿಕೊಟ್ಟಾನು, ಅಷ್ಟೇ.

ಐತಪ್ಪನಿಗೆ ಇದನ್ನು ಹಾಕಿ ನೋಡಿ. ಅಪರಿಚಿತರ ಬಗ್ಗೆ ಅವನಿಗೆ ಉದಾಸೀನ. 19 ಬಿತ್ತು. ಕೋಟೆಯ ಕಾವಲು ಬದಲಾಗುವ ಹೊತ್ತು ಹೇಳುತ್ತಾನೆ, ರಾತ್ರಿ ಚಾವಡಿಯಲ್ಲಿ ಮಲಗಲು ಬಿಡುತ್ತಾನೆ, ಗಂಜಿ ಕೊಡುತ್ತಾನೆ. ಸುರಂಗದ ಬಾಯಿ ಮಾತ್ರ ತೋರಿಸುವುದಿಲ್ಲ. ಊರಿನ ನೀರು ಪಣಕ್ಕಿಡುವುದು ಸಣ್ಣ ಅಪಾಯ ಅಲ್ಲವಲ್ಲ. ದಾಳಕ್ಕೂ ಮರ್ಯಾದೆ ಸಿಕ್ಕಿತು, ಐತಪ್ಪನಿಗೂ ಸಿಕ್ಕಿತು. ಇನ್ನು ಗೆಳೆಯರು ಹೊಸ ಸುರಂಗಕ್ಕೆ ಇಳಿದು ಒಸರು ಹುಡುಕಿಕೊಟ್ಟರೋ, ಅವನು ಸ್ನೇಹಕ್ಕೆ ಬರುತ್ತಾನೆ. ಊರಿಗೆ ಬೇರೆ ನೀರು ಸಿಕ್ಕಿತು ಅಂದ ಮೇಲೆ ಹಳೆಯದನ್ನು ಬಿಟ್ಟುಕೊಡುವುದು ಮೊದಲಿನಷ್ಟು ದೊಡ್ಡ ಮಾತೂ ಅಲ್ಲ. ಆಗ ಬೇಕಾದರೆ ದಾಳ ಇಲ್ಲದೆಯೇ ಒಪ್ಪಿಸಿ. ಅವರು ಮಾಡಿದ ಕೆಲಸಕ್ಕೆ ಬೆಲೆ ಸಿಗಲಿ.

2024ರ ಹೊಸ ನಿಯಮದಲ್ಲಿ ಇದು ಇನ್ನೂ ಸರಳ. ಹೇಗೂ ಒಪ್ಪುವವನಿಗೆ ದಾಳ ಬೇಡ. ಖಂಡಿತ ಒಪ್ಪದವನಿಗೂ ಬೇಡ. ಹಿಂದೆ ಮುಂದೆ ನೋಡುವವನಿಗೆ ಮಾತ್ರ ಉರುಳಿಸಿ. ನೀವು ಯಾವ ಪುಸ್ತಕ ಇಟ್ಟುಕೊಂಡು ಆಡಿದರೂ ಈ ಒಂದು ವಿಚಾರ ತಲೆಯಲ್ಲಿರಲಿ. ದಾಳ ಕೈಗೆ ತೆಗೆದುಕೊಳ್ಳುವ ಮೊದಲು ಎದುರಿನವ ಇದಕ್ಕೆ ಒಪ್ಪುವ ಸಾಧ್ಯತೆಯಾದರೂ ಇದೆಯಾ ಎಂದು ನೀವು ತೀರ್ಮಾನ ಮಾಡಿರಬೇಕು.

ಎಲ್ಲರೂ ನಿಮ್ಮ ಹಾಗೇ ಮಾತಾಡುತ್ತಾರೆ ಎಂಬ ದೂರಿಗೆ ಬರುತ್ತೇನೆ. ಗಂಟಲು ಬದಲಾಯಿಸಲು ಹೋಗಬೇಡಿ. ಗೊರಗೊರ ದನಿ ತೆಗೆದರೆ ಹತ್ತು ನಿಮಿಷಕ್ಕೆ ನಿಮಗೂ ಸುಸ್ತು, ಕೇಳುವವರಿಗೂ ಸುಸ್ತು. ಮಾತಿನ ನಡೆ ಬದಲಾಯಿಸಿ. ಐತಪ್ಪ ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರ ಕೊಡುತ್ತಾನೆ. ದೂರವನ್ನೆಲ್ಲ ಕೋಲಿನಲ್ಲೇ ಹೇಳುತ್ತಾನೆ: "ಆ ಮರದಿಂದ ಇಪ್ಪತ್ತು ಕೋಲು." ಮಾತಾಡುವಾಗ ಅಂಗೈಯಿಂದ ಮೇಜನ್ನು ತಟ್ಟಿ ನೋಡುತ್ತಾನೆ, ಗೋಡೆ ತಟ್ಟಿ ಅಭ್ಯಾಸ ಆಗಿರುವುದರಿಂದ. ನೀವು ಮೇಜು ತಟ್ಟಿದರೆ ಸಾಕು, ಐತಪ್ಪ ಬಂದ ಎಂದು ಗೆಳೆಯರಿಗೆ ಗೊತ್ತಾಗಬೇಕು. ಕೋಟೆಯ ಅಧಿಕಾರಿ ಬೇರೆ. ಅವನು ಎದುರಿನವರ ಮಾತು ಮುಗಿಯಲು ಬಿಡುವುದಿಲ್ಲ. ಗುಡಿಯ ಹೆಂಗಸು ಪ್ರತಿಯೊಬ್ಬರನ್ನೂ ಮಗಾ, ಮಗಳೇ ಎಂದೇ ಕರೆಯುತ್ತಾಳೆ, ಕತ್ತಿ ಹಿಡಿದು ಬಂದವನನ್ನೂ. ಐತಪ್ಪ ಮುಖ್ಯ ಪಾತ್ರ, ಅವನಿಗೆ ಮೂರು ಇರಲಿ. ಉಳಿದ ಒಬ್ಬೊಬ್ಬರಿಗೆ ಒಂದು ಅಭ್ಯಾಸ ಸಾಕು. ಎಲ್ಲರಿಗೂ ಮೂರು ಹಾಕಿದರೆ ನಿಮಗೇ ಮರೆತುಹೋಗುತ್ತದೆ.

ಇಲ್ಲಿ ಒಂದು ಮಾತು ಮನಸ್ಸಿನಿಂದ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ನಗಿಸಲು ಇನ್ನೊಂದು ಮನೆಯ ಭಾಷೆಯ ರಾಗ ಎಳೆಯುವುದು ಬಹಳ ಸುಲಭ. ಅದನ್ನು ಮಾಡಬೇಡಿ. ಆ ಭಾಷೆಯ ಗೆಳೆಯ ಅದೇ ಮೇಜಿನಲ್ಲಿ ಕೂತಿರುತ್ತಾನೆ, ನಗುತ್ತಾನೆ, ಒಳಗೆ ನೋವಾಗಿರುತ್ತದೆ. ಅದರ ಬದಲು ನಮ್ಮಲ್ಲಿ ದಿನಾ ನಡೆಯುವ ಇನ್ನೊಂದನ್ನು ಆಟಕ್ಕೆ ತನ್ನಿ. ಅಂಗಡಿಯಲ್ಲಿ ಒಂದು ಭಾಷೆ, ಆಫೀಸಿನಲ್ಲಿ ಇನ್ನೊಂದು, ನಮ್ಮವರು ಎಂದು ಗೊತ್ತಾದ ಕೂಡಲೇ ಮೂರನೆಯದು. ಐತಪ್ಪನೂ ಹಾಗೆ. ಹೊರಗಿನವರ ಹತ್ತಿರ ಆಟದ ಲೋಕದಲ್ಲಿ ಎಲ್ಲರೂ ಬಳಸುವ ಕಾಮನ್ ಭಾಷೆ. ಹಿಂದೆ ಡ್ವಾರ್ಫ್‌ಗಳ ಜೊತೆ ಅಗೆದವನಾದ್ದರಿಂದ ಅವನಿಗೆ ಅವರ ಭಾಷೆ ಡ್ವಾರ್ವಿಶ್ ಬರುತ್ತದೆ, ಆದರೆ ಹೇಳಿಕೊಳ್ಳುವುದಿಲ್ಲ. ನಿಮ್ಮ ಡ್ವಾರ್ಫ್ ಗೆಳೆಯ ಒಸರು ಹುಡುಕಿ ಹೊರಗೆ ಬಂದಾಗ ಐತಪ್ಪ ಅವನನ್ನು ಡ್ವಾರ್ವಿಶ್‌ನಲ್ಲಿ ಮಾತಾಡಿಸಲಿ. ಉಳಿದ ಮೂವರಿಗೆ ಅರ್ಥವಾಗದೇ ಇರಲಿ. ನಂಬಿಕೆ ಬಂತು ಎಂದು ನೀವು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ.

ಹೆಸರಿನ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ನಾಲಿಗೆಗೆ ಸಲೀಸಾಗಿ ಬರಬೇಕು. ಒಂದೇ ಸೆಶನ್‌ನಲ್ಲಿ ಬರುವ ಇಬ್ಬರ ಹೆಸರು ಒಂದೇ ಅಕ್ಷರದಿಂದ ಶುರುವಾಗಬಾರದು. ಮತ್ತು ಹೆಸರನ್ನು ನೀವು ಹೇಳಿ ಮುಗಿಸುವುದಕ್ಕಿಂತ ಬೇರೆ ಪಾತ್ರಗಳ ಬಾಯಲ್ಲಿ ಮೊದಲೇ ಬರಲಿ: "ಕಲ್ಲಿನ ವಿಷಯವಾ? ಐತಪ್ಪಜ್ಜನ ಹತ್ತಿರ ಕೇಳಿ." ಭೇಟಿಯಾಗುವ ಮೊದಲೇ ಎರಡು ಸಲ ಕೇಳಿದ ಹೆಸರು ಮರೆಯುವುದಿಲ್ಲ.

ಅಂಕಿಗಳಿಗೂ ಹೊತ್ತು ಕಳೆಯಬೇಡಿ. ಪುಸ್ತಕದಲ್ಲಿ ಕಾಮನರ್ ಎಂಬ ಸಾಮಾನ್ಯ ಮನುಷ್ಯನ ಲೆಕ್ಕ ತಯಾರಿದೆ. ಆರ್ಮರ್ ಕ್ಲಾಸ್ (ಅವನಿಗೆ ಏಟು ತಾಗಲು ಮುಟ್ಟಬೇಕಾದ ಅಂಕ) 10, ಹಿಟ್ ಪಾಯಿಂಟ್ (ಎಷ್ಟು ಏಟು ತಾಳುತ್ತಾನೆ ಎಂಬ ಲೆಕ್ಕ) 4, ಆರೂ ಸಾಮರ್ಥ್ಯ 10. ಅದನ್ನೇ ಎತ್ತಿಕೊಳ್ಳಿ. ಕಲ್ಲು, ನೀರು, ಸುರಂಗದ ವಿಷಯಕ್ಕೆ ದಾಳದ ಮೇಲೆ ಪ್ಲಸ್ 5 ಕೊಡಿ. ಕಣ್ಣಿನಿಂದ ನೋಡಬೇಕಾದ್ದಕ್ಕೆ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯುವ ಡಿಸ್‌ಅಡ್ವಾಂಟೇಜ್. ಮುಗಿಯಿತು. ಹಿಟ್ ಪಾಯಿಂಟ್ ನಾಲ್ಕೇ ಇರುವುದು ಒಳ್ಳೆಯದೇ. ಅವನನ್ನು ಕರೆದುಕೊಂಡು ಹೋಗುವವರಿಗೆ ಅವನನ್ನು ಕಾಪಾಡುವ ಜವಾಬ್ದಾರಿಯೂ ಬರುತ್ತದೆ.

ತಯಾರಿ ಇಲ್ಲದವರೂ ಬರುತ್ತಾರಲ್ಲ, ಅವರಿಗೆ ಏನು? ಗೆಳೆಯರು ಐತಪ್ಪನ ಮನೆಗೆ ಹೋಗದೆ ದಾರಿಯಲ್ಲಿ ಸೌದೆ ಹೊರುವವಳನ್ನು ನಿಲ್ಲಿಸಿ ಮಾತಾಡಿಸಿಯಾರು. ಅಂಥ ಹೊತ್ತಿಗೆ ಹಳೇ ಆಟದ ಒಂದು ಉಪಾಯ ನನಗೆ ಬಹಳ ಇಷ್ಟ. ಇದೇ ಆಟದ 1981ರ ಬೇಸಿಕ್ ನಿಯಮದಲ್ಲಿ ಎದುರಾದವರ ಮನಸ್ಸು ತಿಳಿಯಲು ಎರಡು ಆರುಮುಖದ ದಾಳ ಉರುಳಿಸುತ್ತಿದ್ದರು. 2 ಬಿದ್ದರೆ ಕೂಡಲೇ ಮೈಮೇಲೆ ಬೀಳುತ್ತಾರೆ. 12 ಬಿದ್ದರೆ ಹಳೇ ಗೆಳೆಯರ ಹಾಗೆ ಸೇರಿಕೊಳ್ಳುತ್ತಾರೆ. ಎರಡೂ ಅಪರೂಪ, 36ರಲ್ಲಿ ಒಂದೊಂದು. ಜಾಸ್ತಿ ಬೀಳುವುದು ನಡುವಿನ 6, 7, 8. ಅಂದರೆ ಅನುಮಾನ, ಏನು ಮಾಡಬೇಕೆಂದು ತಿಳಿಯದ ಸ್ಥಿತಿ. ಅಪರಿಚಿತರು ಎದುರಾದಾಗ ನಿಜವಾಗಿಯೂ ಹಾಗೇ ಅಲ್ವಾ? ದಾಳ ಉರುಳಿಸಿ, ಬಂದದ್ದಕ್ಕೆ ಒಂದು ಕಾರಣ ಕೂಡಲೇ ಯೋಚಿಸಿ. 4 ಬಿತ್ತು, ಸೌದೆಯವಳಿಗೆ ಇವರನ್ನು ಕಂಡರೆ ಸಿಟ್ಟು. ಯಾಕೆ? ಅವಳ ಮಗನನ್ನು ಕರೆದುಕೊಂಡು ಹೋದವರೂ ಇದೇ ಥರ ಕತ್ತಿ ಕಟ್ಟಿಕೊಂಡಿದ್ದರು. ಅವಳಿಗೆ ಬೇಕಾದದ್ದು ಏನೆಂದು ಈಗ ನಿಮಗೂ ಗೊತ್ತಾಯಿತು.

ಇಬ್ಬರು ಎನ್‌ಪಿಸಿಗಳನ್ನು ಪರಸ್ಪರ ಮಾತಾಡಿಸುತ್ತಾ ಹೋಗಬೇಡಿ. ಎರಡೂ ನೀವೇ. ಗೆಳೆಯರು ಪ್ರೇಕ್ಷಕರಾಗಿಬಿಡುತ್ತಾರೆ. "ಐತಪ್ಪನಿಗೂ ಪೂಜಾರಿಗೂ ಜೋರು ಮಾತಾಯಿತು, ಕೊನೆಗೆ ಐತಪ್ಪ ಎದ್ದು ಹೋದ" ಎಂದು ಎರಡು ಸಾಲಿನಲ್ಲಿ ಹೇಳಿ, ಈಗ ನೀವೇನು ಮಾಡುತ್ತೀರಿ ಎಂದು ಕೇಳಿ.

ಐತಪ್ಪ ಅವರ ಜೊತೆಗೆ ಸುರಂಗಕ್ಕೂ ಬಂದರೆ, ಅವನನ್ನು ಮುಂದೆ ನಡೆಸಿ ಎಲ್ಲ ಕಷ್ಟವನ್ನೂ ಅವನಿಂದಲೇ ಬಿಡಿಸಬೇಡಿ. ಆಟ ನಿಮ್ಮ ಗೆಳೆಯರದ್ದು. ಅವನು ಗಾಳಿಯ ವಿಷಯ ಹೇಳಲಿ, ಕಲ್ಲು ಯಾವ ಕಡೆ ಸಡಿಲ ಎಂದು ಹೇಳಲಿ. ಎಡಕ್ಕೋ ಬಲಕ್ಕೋ ಎಂದು ಅವರೇ ಆರಿಸಲಿ. ಹೊಡೆದಾಟ ಶುರುವಾದರೆ ಅವನ ಸರದಿಯನ್ನು ಒಬ್ಬ ಗೆಳೆಯನ ಕೈಗೆ ಕೊಡಿ. ಮಾತು ಮಾತ್ರ ನೀವು ಆಡಿ. ಆ ಗೆಳೆಯ ಐತಪ್ಪನನ್ನು ತನ್ನ ಕ್ಯಾರೆಕ್ಟರ್‌ಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಾನೆ, ನೋಡಿ ಬೇಕಾದರೆ.

ಅವನು ಸತ್ತರೆ? ಅಥವಾ ಗೆಳೆಯರೇ ತಾಳ್ಮೆ ಕೆಟ್ಟು ಕತ್ತಿ ಎತ್ತಿದರೆ? ಅದಕ್ಕೂ ತಯಾರಿ ಇರಲಿ. ಕೋಟೆಯ ದಾರಿ ಒಬ್ಬನ ತಲೆಯಲ್ಲಿ ಮಾತ್ರ ಇದ್ದರೆ ಕಥೆ ಅಲ್ಲೇ ನಿಂತುಬಿಡುತ್ತದೆ. ಅವನ ಜೊತೆ ಮಣ್ಣು ಹೊರುತ್ತಿದ್ದ ಮೊಮ್ಮಗಳಿಗೆ ಅರ್ಧ ದಾರಿ ಗೊತ್ತಿರಲಿ. ಅವನ ಮನೆಯಲ್ಲಿ ಗಂಟು ಹಾಕಿದ ಒಂದು ಹಗ್ಗ ಸಿಗಲಿ, ತಿರುವಿಗೆ ಒಂದರಂತೆ ಗಂಟು. ಎಷ್ಟು ಕೋಲಿಗೆ ಯಾವ ತಿರುವು ಎಂದು ಬುದ್ಧಿವಂತರು ಅದರಿಂದಲೇ ಲೆಕ್ಕ ಹಾಕಿಯಾರು. ಆದರೆ ಅಜ್ಜನನ್ನು ಕೊಂದು ಹಗ್ಗ ತಂದವರಿಗೆ ಆ ಊರಿನಲ್ಲಿ ಮತ್ತೆ ಒಂದು ಲೋಟ ನೀರು ಸಿಗಬಾರದು. ಮೊಮ್ಮಗಳಿಗೂ ಈಗ ಒಂದು ಬೇಕು ಹುಟ್ಟಿದೆ, ಅದು ಇವರ ವಿರುದ್ಧ. ಮುಂದಿನ ಕೆಲವು ಭಾನುವಾರಗಳಿಗೆ ಅವಳೇ ನಿಮ್ಮ ಮುಖ್ಯ ಎನ್‌ಪಿಸಿ.

ಪ್ರತಿ ಆಟ ಮುಗಿದ ಮೇಲೆ, ಗೆಳೆಯರು ಬೈಕ್ ಹತ್ತುವ ಮೊದಲು, ಅವತ್ತು ಬಂದ ಪ್ರತಿ ಪಾತ್ರಕ್ಕೂ ಒಂದು ಸಾಲು ಬರೆದಿಡಿ: ಇವನಿಗೆ ಈಗ ಏನು ಬೇಕು. ಅದು ಹೋದ ವಾರದ ಉತ್ತರವೇ ಆಗಿದ್ದರೆ, ಆಟಗಾರರು ಮಾಡಿದ್ದು ಅವನಿಗೆ ತಾಗಲೇ ಇಲ್ಲ ಎಂದರ್ಥ. ಮುಂದಿನ ಸಲ ತಾಗುವ ಹಾಗೆ ಮಾಡಿ. ದೋಣಿಯವನಿಂದಲೇ ಶುರು ಮಾಡಬಹುದು. ಅವನು ಕೊಟ್ಟ ಸುದ್ದಿಯಿಂದ ಕೋಟೆಯವರಿಗೆ ಸಂಶಯ ಬಂದು ದೋಣಿ ಕಿತ್ತುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಅವನು ಐತಪ್ಪನ ಚಾವಡಿಗೆ ಬಂದು, "ನನ್ನ ದೋಣಿ ಯಾವಾಗ ಬಿಡಿಸಿ ಕೊಡ್ತೀರಿ?" ಎಂದು ನಿಮ್ಮ ಗೆಳೆಯರನ್ನೇ ಕೇಳಲಿ.